ಸಾಯುವ ತಾತನ ಪಾತ್ರದಿಂದ ವಜಾ ಕೋರಿ

ಇಂದ:
ಸಾಯುವ ತಾತನ ಪಾತ್ರಧಾರಿ,
ನಿವೃತ್ತ ಗುಮಾಸ್ತ

ಗೆ:
ದೊಡ್ಡ ಡಾಕ್ಟರು ಹಾಗೂ ಅಧ್ಯಕ್ಷರು,
ಆಸ್ಪತ್ರೆಯ ಜಾಗೃತಿ ನಾಟಕ ಸಮಿತಿ

ವಿಷಯ: ನಾನು ನಿಜವಾಗಿಯೂ ಸಾಯುತ್ತಿರುವ ಕಾರಣ ಪಾತ್ರದಿಂದ ಬಿಡುಗಡೆ ಕೋರಿ.
ಉಲ್ಲೇಖ: ಕಳೆದ ವಾರ ತಾವು ನನ್ನ ಬೆನ್ನು ತಟ್ಟಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, "ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂದು ಮನೆಯವರೊಡನೆ ಮೊದಲೇ ಮಾತಾಡಿ" ಎಂದು ಬುದ್ಧಿ ಹೇಳುವ ತಮ್ಮ ನಾಟಕದಲ್ಲಿ ನಾನು ಎರಡು ವರ್ಷದಿಂದ ಸಾಯುತ್ತಾ ಬಂದಿದ್ದೇನೆ. ಪ್ರೇಕ್ಷಕರು ಮೂಗು ಒರೆಸಿಕೊಂಡು ಎದ್ದು, ಗಾಡಿ ತೆಗೆಯುವಾಗ ಜಗಳವಾಡಿ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಮಾತಾಡಿದ ಒಬ್ಬ ಪುಣ್ಯಾತ್ಮನನ್ನೂ ನಾನು ಕಂಡಿಲ್ಲ.

೧. ಹೋದ ತಿಂಗಳು ತಮ್ಮದೇ ಆಸ್ಪತ್ರೆಯಲ್ಲಿ ನನ್ನ ಶ್ವಾಸಕೋಶ ಕೆಟ್ಟಿದೆ, ವಾಸಿಯಾಗದು ಎಂದರು. ಆದ್ದರಿಂದ ಮಗ-ಸೊಸೆಯನ್ನು ಎದುರಿಗೆ ಕೂರಿಸಿ, "ನನ್ನ ಗಂಟಲಿಗೆ ಪೈಪ್ ಹಾಕಿಸಬೇಡಿ. ನನ್ನ ಕೋಣೇಲೇ ಇರ್ತೀನಿ..." ಎಂದೆ. ಅಳು ಬಂದು ಮಾತು ನಿಂತಿತು. ನಾಟಕದ ಮಾತನ್ನೆಲ್ಲ ನನಗೆ ಉರು ಹೊಡೆಸಿದ್ದ ಹೆಂಡತಿ ಅಡುಗೆಮನೆಯಿಂದಲೇ, "'ಕೈ ಹಿಡ್ಕೊಂಡು ಕೂತ್ಕೊಳ್ಳಿ, ಸಾಕು.' ಪ್ರತಿ ಸಲ ಇಲ್ಲೇ ಮರೀತೀರಲ್ಲ ರೀ!" ಎಂದು ಮುಂದಿನ ಸಾಲು ಎತ್ತಿಕೊಟ್ಟಳು.

೨. ಮಗ, "ಅಪ್ಪಾ, ಕೆಮ್ಮಿನ ಆಕ್ಟಿಂಗ್ ಸ್ವಲ್ಪ ಜಾಸ್ತಿ ಆಯ್ತು" ಎಂದ. ವರದಿ ತೋರಿಸಿದೆ. ಸೊಸೆ ತಿರುಗಿಸಿ ನೋಡಿ, "ಇದನ್ನೂ ನಾಟಕದೋರೇ ಕೊಟ್ರಾ ಮಾವ? ಥೇಟ್ ನಿಜದ ಥರಾನೇ ಇದೆ!" ಎಂದಳು.

೩. ಕಾರಣ ತಮ್ಮಲ್ಲಿಗೇ ಬಂದು, ಮನೆಯವರಿಗೆ ತಾವಾದರೂ ತಿಳಿಸಿ ಎಂದು ಬೇಡಿದೆ. ತಾವು ಬೆನ್ನು ತಟ್ಟಿ, "ಸೂಪರ್ ತಾತ! ಈ ನಡುಕ ಭಾನುವಾರದ ಶೋಗೆ ಉಳಿಸ್ಕೊಳ್ಳಿ" ಎಂದಿರಿ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಮಾತಾಡಿ ಮಾತಾಡಿ ಎಂದು ಊರಿಗೆಲ್ಲ ಬೋಧಿಸುವ ತಮಗೆ ಎದುರಿಗೆ ನಿಂತವನ ಮಾತು ಕೇಳಿಸಲಿಲ್ಲ.

೪. ನನಗೆ ಭಯವಾಗಿದೆ. ನಾಳೆ ನನ್ನ ಬಾಯಿ ಬಿದ್ದುಹೋದಾಗ ಮಗ ಗಾಬರಿಯಲ್ಲಿ "ಏನಾದ್ರೂ ಮಾಡಿ ಡಾಕ್ಟ್ರೇ" ಎನ್ನುತ್ತಾನೆ. ತಾವು ಏನಾದರೂ ಮಾಡಿಯೇ ತೀರುತ್ತೀರಿ.

ಆದ್ದರಿಂದ ಸದರಿ ಪಾತ್ರದಿಂದ ನನ್ನನ್ನು ಕೂಡಲೇ ವಜಾ ಮಾಡಿ, ಆದೇಶವನ್ನು ಮೊಹರು ಸಮೇತ ನನ್ನ ಹೆಂಡತಿಗೆ ತಲುಪಿಸಬೇಕಾಗಿ ಕೋರುತ್ತೇನೆ. ಅದನ್ನು ಓದಿಯಾದರೂ, ಮನೆಯಲ್ಲಿ ನಾನು ಆಡಿದ್ದು ನನ್ನದೇ ಮಾತೆಂದು ಅವಳು ನಂಬಿಯಾಳು.

ಇನ್ನು ಸ್ವಲ್ಪ ಕಾಲ ತಮ್ಮ ವಿಶ್ವಾಸಿ,
(ಸಹಿ ನಡುಗಿದೆ, ಅಭಿನಯವಲ್ಲ)

ಲಗತ್ತು:
೧. ಶ್ವಾಸಕೋಶದ ವರದಿ, ಅಸಲು.
೨. ಅಂಟಿಸುವ ಬಿಳಿ ಗಡ್ಡ, ಒಗೆದು ಒಣಗಿಸಿದ್ದು.

ವಿ.ಸೂ.: ವಜಾಕ್ಕೆ ಕಾರಣ ನಮೂದಿಸಲೇಬೇಕೆಂಬ ನಿಯಮವಿದ್ದಲ್ಲಿ, "ಈತನಿಗೆ ನಟನೆ ಬರುವುದಿಲ್ಲ" ಎಂದು ದಪ್ಪ ಅಕ್ಷರದಲ್ಲಿ ನಮೂದಿಸಬೇಕಾಗಿ ವಿನಂತಿ.