ನರ್ಸಮ್ಮನ ಡಾಕ್ಟರೇಟೂ ನನ್ನ ಸಾಸೇಜೂ

ಹೆಂಡತಿ ನರ್ಸ್ ಆಗಿದ್ದರೆ ಗಂಡನ ಆರೋಗ್ಯ ಗಟ್ಟಿಯಾಗಿರುತ್ತದೆ ಎಂದು ನಮ್ಮ ಡುಲೂತ್ ಊರಿಗೆ ಊರೇ ನಂಬಿದೆ. ನಂಬಲಿ ಬಿಡಿ. ನನ್ನ ಬಿ.ಪಿ.ಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ನನ್ನ ನರ್ಸಮ್ಮ ಡಾರ್ಲಾ ಉಪ್ಪು ಬಿಡು ಅನ್ನುತ್ತಾಳೆ, ನಾನು ಹ್ಞೂಂ ಅನ್ನುತ್ತೇನೆ, ಆಮೇಲೆ ಗ್ಯಾರೇಜಿಗೆ ಹೋಗಿ ಉಪ್ಪು ತುಂಬಿದ ಜಿಂಕೆ ಮಾಂಸದ ಸಾಸೇಜ್ ತಿನ್ನುತ್ತೇನೆ. ಸಂಸಾರ ಹೀಗೆ ಸುಖವಾಗಿ ಸಾಗಿತ್ತು.

ಅಷ್ಟರಲ್ಲಿ ಅವಳಿಗೆ ಡಾಕ್ಟರೇಟ್ ಹುಚ್ಚು ಹಿಡಿಯಿತು. ಹಿಡಿಯಲಿ, ನನಗೆ ಹೆಮ್ಮೆಯೇ. ಆದರೆ ನರ್ಸಿಂಗ್‌ನಲ್ಲಿ ಡಾಕ್ಟರೇಟು ಒಂದಲ್ಲ, ಎರಡು: ಒಂದು ವೃತ್ತಿಯದು, ಇನ್ನೊಂದು ಸಂಶೋಧನೆಯದು. ಶುಕ್ರವಾರದೊಳಗೆ ಯಾವುದಾದರೂ ಒಂದಕ್ಕೆ ಅರ್ಜಿ ಹಾಕಬೇಕು. ಆಸ್ಪತ್ರೆಯಲ್ಲಿ ಅವಳದೇ ವಾರ್ಡಿನ ನರ್ಸ್ ಬೋನಿಯೂ ಇದೇ ಡೋಲಾಯಮಾನ ಸ್ಥಿತಿಯಲ್ಲಿದ್ದಳು. ಗುರುವಾರ ಸಂಜೆ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ದುಂಡುಮೇಜಿನ ಪರಿಷತ್ತು ನಡೆಸಿದರು. (ಮೇಜು ಚೌಕದ್ದೇ. ನಾನು ಕಾಫಿ ಸರಬರಾಜು ಇಲಾಖೆ.)

"ಈ ವೃತ್ತಿಯದ್ರಲ್ಲಿ ಏನ್ ಮಾಡ್ಬೇಕು?" ಏನೂ ಅರಿಯದವನ ಹಾಗೆ ಕೇಳಿದೆ.

"ಒಳ್ಳೇದು ಅಂತ ಆಗ್ಲೇ ಗೊತ್ತಿರೋದನ್ನ ರೋಗಿಗಳ ಕೈಲಿ ನಿಜವಾಗ್ಲೂ ಮಾಡಿಸ್ಬೇಕು," ಅಂದಳು ಡಾರ್ಲಾ. "ಉಪ್ಪು ಬಿಡ್ಸೋದು ಅಂತಿಟ್ಕೋ." ಅವಳ ಕಣ್ಣು ನನ್ನ ಹೊಟ್ಟೆಯ ಮೇಲಿತ್ತು.

ಹೊಟ್ಟೆಯನ್ನು ಒಳಗೆಳೆದುಕೊಂಡೆ. "ಮತ್ತೆ ಸಂಶೋಧನೆ?"

"ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಹಿಡ್ಕೊಂಡು ವರ್ಷಗಟ್ಲೆ ಅದರ ಬೆನ್ನು ಹತ್ಬೇಕು."

ಆಹಾ! ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅವಳು, ಕೆಳಗೆ ಸರ್ವಸ್ವತಂತ್ರ ನಾನು! ತಕ್ಷಣ ಜ್ಞಾನದ ಮಹಾಪೋಷಕನಾದೆ. "ಡಾರ್ಲಾ, ನಿನ್ನಂಥ ಬುದ್ಧಿವಂತೆ ಸಂಶೋಧನೆನೇ ಮಾಡ್ಬೇಕು ಕಣೇ. ಮನುಕುಲ ಕಾಯ್ತಾ ಇದೆ!"

"ನಿಂಗ್ಯಾವಾಗಿಂದ ಮನುಕುಲದ ಚಿಂತೆ ಹತ್ಕೊಳ್ತು? ನಂಗೂ ಅದೇ ಆಸೆ ಮಾರಾಯ. ಚಿಕ್ಕೋಳಿದ್ದಾಗಿಂದ 'ಯಾಕೆ, ಯಾಕೆ' ಅಂತ ಕೇಳಿ ಬೈಸ್ಕೊಂಡೋಳು ನಾನು. ಆದ್ರೆ ಕೈಲಿ ಒಂದು ಪ್ರಶ್ನೆನೂ ಇಲ್ವಲ್ಲೋ!"

ಅವಳ ಮುಖ ಬಾಡಿತು. ನನಗೆ ನಿಜಕ್ಕೂ ಸಂಕಟವಾಯಿತು (ಅರ್ಧ ಪ್ರೀತಿ, ಅರ್ಧ ಸ್ವಾರ್ಥ). ಸಂಕಟವಾದರೆ ನನಗೆ ಹಸಿವಾಗುತ್ತದೆ. ಬೋನಿಗೆಂದು ಇಟ್ಟಿದ್ದ ತಟ್ಟೆಯಿಂದ ಒಂದು ಸಾಸೇಜ್ ಎತ್ತಿಕೊಂಡೆ.

"ಇಡು ಅದನ್ನ," ಅಂದಳು ಡಾರ್ಲಾ. ನಾನು ಇನ್ನಷ್ಟು ಬಾಯಿ ತೆರೆದೆ.

"ಆರ್ವಿಡ್, ಕೆಳಗಿಡಿ," ಅಂದಳು ಬೋನಿ, ತಲೆಯನ್ನೂ ಎತ್ತದೆ.

"ಆಯ್ತು ಮೇಡಂ," ಅಂದು ಇಟ್ಟುಬಿಟ್ಟೆ. ಸಾಲದ್ದಕ್ಕೆ ತಟ್ಟೆಯನ್ನೂ ಆಚೆ ತಳ್ಳಿದೆ.

ಡಾರ್ಲಾ ನನ್ನನ್ನೇ ದುರುಗುಟ್ಟಿ ನೋಡಿದಳು. "ಮದ್ವೆ ಆದಾಗಿಂದ ಬಡ್ಕೊಳ್ತಿದ್ದೀನಿ, ಕೇಳಲ್ಲ. ಇವಳು ಒಂದ್ಸಲ ಅಂದ್ರೆ ಮೇಡಂ ಅಂತೆ, ಮೇಡಂ! ಬೋನಿ, ನಿನ್ ಗಂಡಾನೂ ಹಿಂಗೇನಾ?"

"ಅಯ್ಯೋ, ನಾನು ಹೇಳಿದ್ರೆ ಗೋಡೆಗೆ ಹೇಳ್ದಂಗೆ. ಕ್ಲಿನಿಕ್ಕಿನ ನರ್ಸ್ ಹೇಳಿದ್ರೆ ಮಾತ್ರ ಎದ್ದು ನಿಂತ್ಕೊಳ್ತಾನೆ."

"ಯಾಕೆ?"

"ಯಾರಿಗ್ಗೊತ್ತು!"

"ಯಾರಿಗೂ ಗೊತ್ತಿಲ್ಲ!" ಡಾರ್ಲಾ ಕುರ್ಚಿ ಬೀಳುವಂತೆ ಜಿಗಿದೆದ್ದಳು. "ಊರ ನರ್ಸುಗಳ ಮಾತೆಲ್ಲ ಕೇಳೋ ಗಂಡ, ಮನೆ ನರ್ಸಿನ ಮಾತು ಯಾಕೆ ಕೇಳಲ್ಲ? ಸಿಕ್ತು ಕಣೇ! ನನ್ ಪ್ರಶ್ನೆ ಸಿಕ್ತು!" ಎಂದು ನನ್ನ ಬೋಳುತಲೆಗೆ ಮುತ್ತು ಕೊಟ್ಟಳು. ಅವಳು ಅಷ್ಟು ಖುಷಿಯಾಗಿದ್ದನ್ನು ನೋಡಿ ನನಗೂ ಕಣ್ಣು ತುಂಬಿ ಬಂತು. ಮರುಕ್ಷಣವೇ ಹೆದರಿಕೆಯೂ ಬಂತು.

"ಹಂಗಾದ್ರೆ ನನ್ನನ್ನೇ ಕೂರಿಸ್ಕೊಂಡು ಪರೀಕ್ಷೆ ಮಾಡ್ತೀಯಾ?"

"ಛೇ, ಸ್ವಂತ ಗಂಡನ ಮೇಲೆ ಮಾಡೋಕೆ ಯೂನಿವರ್ಸಿಟಿಯವ್ರು ಬಿಡಲ್ಲಪ್ಪ. ಹೆಂಗೂ ನನ್ ಮಾತು ನೀನು ಕೇಳಲ್ಲ, ಇನ್ಮೇಲೆ ನಿನ್ ಉಪ್ಪಿನ ಸುದ್ದಿಗೇ ನಾನು ಬರಲ್ಲ."

ಬದುಕಿದೆ! ಉದಾರ ಹೃದಯದಿಂದ ಬೋನಿಯನ್ನೂ ವಿಚಾರಿಸಿಕೊಂಡೆ. "ನೀವೂ ಸಂಶೋಧನೆನೇ ತಾನೇ?"

"ಇಲ್ಲಪ್ಪ, ನಂದು ವೃತ್ತಿಯದೇ. ಈಗ್ತಾನೇ ನಿರ್ಧಾರ ಆಯ್ತು," ಎಂದು ಅವಳು ಚೀಲದಿಂದ ತೋಳಿಗೆ ಸುತ್ತಿ ಬಿ.ಪಿ. ನೋಡುವ ಪಟ್ಟಿ ಹೊರತೆಗೆದಳು. "ಮೊದ್ಲು ಯಾರಾದ್ರೂ ಒಬ್ಬರ ಉಪ್ಪು ಬಿಡಿಸಿ ನೋಡ್ಬೇಕಿತ್ತು. ಹೇಳಿದ್ ಮಾತು ಕೇಳೋರು ಬೇಕಿತ್ತು ಅಷ್ಟೇ."

ಸಾಧ್ಯವೇ ಇಲ್ಲ ಎಂದು ಗರ್ಜಿಸಲು ಬಾಯಿ ತೆರೆದೆ. ನೋಡುತ್ತೇನೆ, ನನ್ನ ತೋಳು ಆಗಲೇ ಮೇಜಿನ ಮೇಲಿದೆ, ಅಂಗಿಯ ತೋಳನ್ನು ನಾನೇ ಮೊಣಕೈಯಿಂದ ಮೇಲಕ್ಕೆ ಮಡಚಿಕೊಂಡಿದ್ದೇನೆ! ಡಾರ್ಲಾ ಮಾತ್ರ ಕೊಟ್ಟ ಮಾತಿಗೆ ತಪ್ಪದೆ ನನ್ನ ಸುದ್ದಿಗೇ ಬರಲಿಲ್ಲ. ಆರಾಮಾಗಿ ಕೂತು ನನ್ನ ಸಾಸೇಜನ್ನು ತಿಂದು ಮುಗಿಸಿದಳು.