ನಮ್ಮ ಸರ್ದಾರ್ ವಕೀಲರಿಗೆ ನಾನು ಹಾಕಿದ ಮತ

ಪಗಡಿ ನೋಡಿ ಜನ ಏನೋ ಅಂದುಕೊಳ್ಳುವುದು ನಮ್ಮ ವಕೀಲರಿಗೆ ವಾರಕ್ಕೊಮ್ಮೆಯಾದರೂ ಆಗುತ್ತದೆ. ಅವರು ನಗುತ್ತಾರೆ. ಸಿಟ್ಟು ಬರುವುದು ನನಗೆ.

ನಾನು ಉಡುಪಿಯವಳು. ರಾಟರ್‌ಡ್ಯಾಮಿನಲ್ಲಿ ಒಬ್ಬ ಸಿಖ್ ವಕೀಲರ ಕಚೇರಿಯಲ್ಲಿ ಹತ್ತು ವರ್ಷದಿಂದ ಸಹಾಯಕಿ. ಈ ದೇಶದಲ್ಲಿ ಬಾಸ್‌ನನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ಬಾಯಿಗೆ ಅದು ಬರಲೇ ಇಲ್ಲ, ‘ಸರ್’ ಅಂತಲೇ ಉಳಿಯಿತು. ಇನ್ನೊಂದು ಅಭ್ಯಾಸವೂ ಹೋಗಿಲ್ಲ. ಯಾವ ಕಾಗದ ಕೈಗೆ ಬಂದರೂ ಮೊದಲು ಮೇಲುಗಡೆ ‘ಶ್ರೀ’ ಬರೆಯುವುದು. ಸಾಮಾನಿನ ಚೀಟಿಗೂ ಶ್ರೀ, ಕೋರ್ಟಿನ ಟಿಪ್ಪಣಿಗೂ ಶ್ರೀ. ಇದೇನೆಂದು ಮೊದಲ ವಾರವೇ ಸರ್ ಕೇಳಿ ತಿಳಿದುಕೊಂಡಿದ್ದರು.

೧. ದುಭಾಷಿ

ಆ ದಿನದ ಕಕ್ಷಿದಾರ ಬಂದರಿನ ಲಾರಿ ಡ್ರೈವರ್, ಹೊಂಬಣ್ಣದ ಕೂದಲಿನ ಅಪ್ಪಟ ರಾಟರ್‌ಡ್ಯಾಮಿಗ. ಸರ್ ಎಲ್ಲ ಕಕ್ಷಿದಾರರಿಗೂ ಹೇಳುವ ಮಾತನ್ನೇ ಅವನಿಗೂ ಹೇಳಿದ್ದರು: “ನಾನು ಹೇಳುವವರೆಗೆ ಬಾಯಿ ಬಿಡಬೇಡಿ.”

ಸರ್ ಅವರ ಗೌನ್ ಇನ್ನೂ ಚೀಲದಲ್ಲಿತ್ತು. ಕೋರ್ಟಿನ ಸಿಬ್ಬಂದಿಯೊಬ್ಬ ಪಗಡಿ ನೋಡಿದ್ದೇ ತಡ, ದುಭಾಷಿಯ ಕುರ್ಚಿ ತೋರಿಸಿ ಕೂರಿಸಿಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಸರ್ ಹಾಯಾಗಿ ಕೂತರು. ನ್ಯಾಯಾಧೀಶರು ಬಂದು, ನಿನ್ನ ವಕೀಲರೆಲ್ಲಿ ಎಂದು ಡ್ರೈವರನನ್ನು ಕೇಳಿದರು. ಅವನು ತುಟಿ ಬಿಚ್ಚಲಿಲ್ಲ. ಇವನಿಗೆ ಡಚ್ ಬರುವುದಿಲ್ಲವೇ, ಹಾಗಾದರೆ ಪ್ರಶ್ನೆಯನ್ನು ಅನುವಾದಿಸಿ ಹೇಳಿ ಎಂದು ಸರ್ ಅವರಿಗೆ ಅಪ್ಪಣೆಯಾಯಿತು. ಸರ್ ಡ್ರೈವರನ ಕಡೆ ತಿರುಗಿ, ಅದೇ ಡಚ್ ಪ್ರಶ್ನೆಯನ್ನು ಅದೇ ಡಚ್ಚಿನಲ್ಲಿ ಕೇಳಿದರು. ಆಗಲೂ ಅವನು ಗಪ್‌ಚಿಪ್. ಕೊನೆಗೆ ಸರ್ ಎದ್ದು ಚೀಲದಿಂದ ಗೌನ್ ತೆಗೆದು ತೊಟ್ಟುಕೊಂಡರು.

ಹೊರಗೆ ಬಂದಮೇಲೆ ನಾನು ಡ್ರೈವರನನ್ನು ತರಾಟೆಗೆ ತೆಗೆದುಕೊಂಡೆ. ಇವರೇ ನನ್ನ ವಕೀಲರು ಅನ್ನೋಕೆ ಏನಾಗಿತ್ತು?

“ಬಾಯಿ ಬಿಡಬೇಡಿ ಅಂದಿದ್ರಲ್ಲ” ಅಂದ.

ಸರ್ ಅವನ ಬೆನ್ನು ತಟ್ಟಿದರು. ಇಂಥ ಕಕ್ಷಿದಾರ ಸಿಗೋದು ಪುಣ್ಯವಂತೆ.

೨. ಆಮ್ಸ್ಟೆಲ್‌ವೀನಿನ ಚಪ್ಪಾಳೆ

ಸರ್ ಸಂಸತ್ ಚುನಾವಣೆಗೆ ನಿಂತರು. ಪಕ್ಷದವರು ಪಟ್ಟಿಯ ತಳದಲ್ಲೆಲ್ಲೋ ಅವರ ಹೆಸರು ಹಾಕಿದ್ದರು. ಅದಕ್ಕೂ ನನಗೆ ಸಿಟ್ಟೇ. ಇಲ್ಲಿ ಬರೀ ಪಕ್ಷಕ್ಕಲ್ಲ, ಪಟ್ಟಿಯಲ್ಲಿ ಒಬ್ಬರ ಹೆಸರಿಗೇ ಗುರುತು ಹಾಕಬೇಕು. ಹೆಚ್ಚಿನವರು ಮೊದಲ ಹೆಸರಿಗೆ ಹಾಕಿ ಮನೆಗೆ ಹೋಗುತ್ತಾರೆ. ತಳದವರಿಗೆ ಸಾಕಷ್ಟು ಗುರುತು ಬಿದ್ದರೆ ಮಾತ್ರ ಅವರು ಮೇಲೆ ಹಾರಿ ಸಂಸತ್ತಿಗೆ ಹೋಗಬಹುದು. ಹಾಗಾಗಿ ಒಂದೊಂದು ಮತಕ್ಕೂ ನಾನು ಊರೂರು ಸುತ್ತಿದೆ.

ಆಮ್ಸ್ಟೆಲ್‌ವೀನ್ ಊರಿನಲ್ಲಿ ನಮ್ಮ ಕನ್ನಡದವರದೇ ದೊಡ್ಡ ಬಳಗ. ಒಬ್ಬರ ಮನೆಯಲ್ಲಿ ಸಭೆ ಸೇರಿಸಿ ಗೋಳಿಬಜೆ ಕರಿದೆ. ಸರ್ ಅವರ ಮಾತಿಗೆ ಚಪ್ಪಾಳೆಯೋ ಚಪ್ಪಾಳೆ. ಸಪೋರ್ಟ್ ಮಾಡ್ತೀವಿ ಅನ್ನುತ್ತ ಎಲ್ಲರೂ ಸೆಲ್ಫಿ ತೆಗೆದುಕೊಂಡರು. ಮತದಾನದ ಚೀಟಿ ಮನೆಗೆ ಬಂತಾ ಎಂದು ನಾನು ವಿಚಾರಿಸಿದಾಗ ಎಲ್ಲರೂ ಬಜೆ ನೋಡತೊಡಗಿದರು. ಒಬ್ಬರಿಗಾದರೂ ಡಚ್ ಪಾಸ್‌ಪೋರ್ಟ್ ಇರಲಿಲ್ಲ. ಅದಿಲ್ಲದೆ ಸಂಸತ್ತಿಗೆ ಮತ ಹಾಕುವಂತಿಲ್ಲ. ಮತವಿದ್ದವಳು ಒಬ್ಬಳೇ, ಪಕ್ಕದ ಮನೆಯ ಡಚ್ ಅಜ್ಜಿ, ಅದೂ ಅವಳ ಬಾಗಿಲಿಗೆ ಅಡ್ಡ ಸೈಕಲ್ ನಿಲ್ಲಿಸಿದ್ದಾರೆಂದು ಜಗಳಕ್ಕೆ ಬಂದವಳು.

ಮತ್ತೆ ಸಪೋರ್ಟ್ ಮಾಡ್ತೀವಿ ಅಂತ ಯಾಕೆ ಹೇಳಿದಿರಿ ಎಂದು ನಾನು ಕೂಗಾಡಿದೆ.

ಮನೆಯ ಯಜಮಾನರು ಶಾಂತವಾಗಿ ಅಂದರು: “ಸಪೋರ್ಟ್ ಮಾಡ್ತೀವಿ ಅಂದ್ವಿ ಮೇಡಂ. ವೋಟ್ ಹಾಕ್ತೀವಿ ಅಂದ್ವಾ?”

ಅಜ್ಜಿ ನಾಲ್ಕು ಗೋಳಿಬಜೆ ತಿಂದು, ತನ್ನ ಮತ ಸರ್ ಅವರಿಗೇ ಎಂದು ಹೇಳಿ ಹೋದಳು.

೩. ಎಣಿಕೆ

ನನಗೆ ಡಚ್ ಪಾಸ್‌ಪೋರ್ಟ್ ಇದೆ. ಮತಗಟ್ಟೆಯ ಕೆಂಪು ಪೆನ್ಸಿಲ್ ಹಿಡಿದು ಹೆಮ್ಮೆಯಿಂದ ಮತ ಹಾಕಿದೆ. ಮರುದಿನ ಬೆಳಗ್ಗೆ ಒಂದು ಆಟದ ಹಾಲ್‌ನಲ್ಲಿ ಅಭ್ಯರ್ಥಿವಾರು ಎಣಿಕೆ. ಯಾರು ಬೇಕಾದರೂ ಹೋಗಿ ನೋಡಬಹುದು. ನಾನೂ ಸರ್ ಅವರೂ ಹೋಗಿ ನಮ್ಮ ವಾರ್ಡಿನ ಮೇಜಿನ ಬಳಿ ನಿಂತೆವು.

ಬೆಡ್‌ಶೀಟಿನಷ್ಟು ಅಗಲದ ಒಂದು ಮತಪತ್ರವನ್ನು ಎಣಿಸುವವಳು ಎತ್ತಿ ಹಿಡಿದಳು. ಗುರುತು ಸರ್ ಅವರ ಹೆಸರಿಗೇ ಬಿದ್ದಿತ್ತು. ಮೇಲುಗಡೆ ಅದೇ ಕೆಂಪು ಪೆನ್ಸಿಲಿನಲ್ಲಿ ದುಂಡಗೆ, ಶ್ರೀ.

ಕೈ ಯಾವಾಗ ಬರೆಯಿತೋ ನನಗೇ ಗೊತ್ತಿಲ್ಲ.

ಹಾಕಿದವರು ಯಾರೆಂದು ಗೊತ್ತಾದರೆ ಮತ ರದ್ದು, ಸುಮ್ಮನೆ ಗೀಚಿದ್ದಾದರೆ ನಡೆಯುತ್ತದೆ ಎಂದರು ಮೇಜಿನ ಮುಖ್ಯಸ್ಥರು. ಸರ್ ನನ್ನ ಕಡೆ ನೋಡಿ, ಮೆಲ್ಲಗೆ ತುಟಿಯ ಮೇಲೆ ಬೆರಳಿಟ್ಟರು. ನಾನು ಹಲ್ಲು ಕಚ್ಚಿ ನಿಂತೆ. ಮುಖ್ಯಸ್ಥರು ಕಾಗದವನ್ನು ಸರ್ ಅವರ ಕಟ್ಟಿನ ಮೇಲೆ ಇಡುವುದರಲ್ಲಿದ್ದರು. ಅಷ್ಟರಲ್ಲಿ ಬೇರೆ ಪಕ್ಷದವನೊಬ್ಬ ನಕ್ಕು, ಪಾಪ, ಓದು ಬರಹ ಬಾರದವರು ಯಾರೋ ಪೆನ್ಸಿಲ್ ಹಿಡಿಯೋದು ಕಲೀತಿದ್ದಾರೆ ಅಂದ.

“ಅದು ಗೀಚಿದ್ದಲ್ಲ” ಅಂದೆ ನಾನು, ಇಡೀ ಹಾಲ್‌ಗೆ ಕೇಳುವಂತೆ. “ಅದು ಶ್ರೀ. ಬರೆದಿದ್ದು ನಾನು. ಎರಡು ಡಿಗ್ರಿ ಮಾಡಿದ್ದೀನಿ.”

ಮುಖ್ಯಸ್ಥರು ಬಹಳ ಮರ್ಯಾದೆಯಿಂದ ಕಾಗದವನ್ನು ರದ್ದಾದವುಗಳ ಕಡೆಗೆ ಸರಿಸಿದರು.

ಸರ್ ಹೇಗೋ ಗೆದ್ದರು. ಆ ಲೆಕ್ಕದಲ್ಲಿ ಆಮ್ಸ್ಟೆಲ್‌ವೀನಿನ ಅಜ್ಜಿಯ ಮತ ಸೇರಿತು, ನನ್ನದು ಸೇರಲಿಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅವರು ಸಂಸತ್ತಿಗೆ ಹೊರಟ ದಿನ ನನ್ನ ಮೇಜಿನ ಮೇಲೆ ಒಂದು ಚೀಟಿ ಬಿಟ್ಟುಹೋಗಿದ್ದರು. ಮೇಲುಗಡೆ ನನ್ನದನ್ನು ನೋಡಿ ತಿದ್ದಿದ, ಅಂಕುಡೊಂಕಾದ ಒಂದು ಶ್ರೀ. ಅದರ ಕೆಳಗೆ ಡಚ್ಚಿನಲ್ಲಿ ಒಂದೇ ಸಾಲು: “ನಾನು ಹೇಳುವವರೆಗೆ ಬಾಯಿ ಬಿಡಬೇಡಿ.”