ಮಲ್ಟಿವೈಬ್ರೇಟರ್ ಮತ್ತು ನನ್ನ ಒಂದು ‘ಬತ್ತೆ’

ಕೆಲವರಿಗೆ ವಯಸ್ಸಾದದ್ದು ಕನ್ನಡಿ ನೋಡಿದಾಗ ಗೊತ್ತಾಗುತ್ತದೆ. ನನಗೆ ಗೊತ್ತಾಗುವುದು ಮಲ್ಟಿವೈಬ್ರೇಟರ್ ಪಾಠ ಬಂದಾಗ. ಬ್ರಹ್ಮಾವರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದನ್ನೇ ಹೇಳುತ್ತಿದ್ದೇನೆ. ಅದೊಂದು ಎಲೆಕ್ಟ್ರಾನಿಕ್ ಸರ್ಕ್ಯೂಟು: ಎರಡು ಟ್ರಾನ್ಸಿಸ್ಟರುಗಳು, ಒಂದು ಎದ್ದರೆ ಇನ್ನೊಂದು ಮಲಗಬೇಕು. ಇದರಲ್ಲಿ ಮೂರು ಜಾತಿ. ಅಸ್ಟೇಬಲ್‌ಗೆ ಯಾವ ಸ್ಥಿತಿಯಲ್ಲೂ ನೆಮ್ಮದಿಯಿಲ್ಲ, ಯಾರೂ ಮುಟ್ಟದಿದ್ದರೂ ಅತ್ತಿಂದಿತ್ತ ಬದಲಾಗುತ್ತಲೇ ಇರುತ್ತದೆ. ಬೈಸ್ಟೇಬಲ್ ಹಟಮಾರಿ, ಒಂದು ಕಡೆ ಕೂತರೆ ಇನ್ನೊಮ್ಮೆ ತಟ್ಟುವ ತನಕ ಏಳುವುದಿಲ್ಲ. ಮೊನೊಸ್ಟೇಬಲ್ ಮಾತ್ರ ಪಾಪದ್ದು. ತಟ್ಟಿದರೆ ಒಂದು ಗಳಿಗೆ ಬದಲಾಗಿ, ಆಮೇಲೆ ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತದೆ. ಮೊದಮೊದಲು ಇದನ್ನೆಲ್ಲ ಕೈಕಾಲು ಆಡಿಸಿ ಹೇಳುತ್ತಿದ್ದೆ. ಈಗ ಬೋರ್ಡಿನ ಕಡೆ ತಿರುಗಿ ಹೇಳುತ್ತೇನೆ, ಆಕಳಿಸಿದ್ದು ಮಕ್ಕಳಿಗೆ ಕಾಣಬಾರದಲ್ಲ.

ಈ ವರ್ಷ ಪ್ರಾಂಶುಪಾಲರು ಭಾನುವಾರವೂ ವಿಶೇಷ ತರಗತಿ ಮಾಡಬೇಕೆಂದರು. ತ್ರಾಸಿಯಿಂದ ವಾರಕ್ಕೆ ಆರು ದಿನ ಬಸ್ಸಿನಲ್ಲಿ ನಿಂತು ಬರುವವನಿಗೆ ಉಳಿದಿರುವುದು ಅದೊಂದೇ ದಿನ. ಅದರಲ್ಲೂ ಈ ಭಾನುವಾರ ಹೆಂಡತಿ ಜಲಜಳನ್ನು ಹಟ್ಟಿಯಂಗಡಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಹಿಂದೆ ಮೂರು ಸಲ ಕೊಟ್ಟು ತಪ್ಪಿದ ಮಾತದು. ಆಗುವುದಿಲ್ಲ ಎಂದು ಹೇಳುವುದನ್ನು ಬಸ್ಸು ಕುಂದಾಪುರ ದಾಟುವಷ್ಟರಲ್ಲಿ ಬಾಯಿಪಾಠ ಮಾಡಿಕೊಂಡೆ. ಪ್ರಾಂಶುಪಾಲರ ಕೋಣೆಗೆ ಹೋಗಿ ಹೇಳಿಯೂ ಬಿಟ್ಟೆ, ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. ಅವರು ಮೆತ್ತಗೆ, ಒಮ್ಮೆ ಯೋಚಿಸಿ ನೋಡಿ ಎಂದರು. ಯೋಚಿಸುವುದೇನೂ ಇಲ್ಲ ಎಂಬಂತೆ ಎದ್ದು ಬಾಗಿಲ ತನಕ ಹೋಗಿ, ಅಭ್ಯಾಸಬಲದಿಂದ "ಬತ್ತೆ ಸಾರ್" ಅಂದೆ.

ನಮ್ಮ ಕಡೆ ಹೊರಡುವವರು ಹೋಗುತ್ತೇನೆ ಅನ್ನುವುದಿಲ್ಲ, ಅದು ಅಪಶಕುನ; ಬತ್ತೆ, ಅಂದರೆ ಬರುತ್ತೇನೆ, ಅನ್ನುತ್ತಾರೆ. ಪ್ರಾಂಶುಪಾಲರು ಘಟ್ಟದ ಮೇಲಿನವರು, ಬಂದು ಎರಡು ತಿಂಗಳಾಗಿಲ್ಲ, ಅದನ್ನು ತಮ್ಮ ಮಾತಿಗೆ ಉತ್ತರವೆಂದುಕೊಂಡರು. "ಬರ್ತೀರಾ? ದೊಡ್ಡ ಉಪಕಾರ ಆಯ್ತು" ಎಂದು ಕೈಮುಗಿದು ನನ್ನ ಹೆಸರು ಬರೆದುಕೊಂಡರು. ಕೈಮುಗಿದವರಿಗೆ ಕುಂದಾಪುರದ ವ್ಯಾಕರಣ ಹೇಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ.

ಜಲಜ ಕೇಳಿ ಬೈಯಲಿಲ್ಲ, ನನಗೆ ಬೇಸರವಾದದ್ದೇ ಅದಕ್ಕೆ. ದೇವಸ್ಥಾನಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನು ಮತ್ತೆ ಕಪಾಟಿನೊಳಗಿಟ್ಟಳು. ಭಾನುವಾರ ಬೆಳಿಗ್ಗೆ, ಆ ಹಾಳು ಶಬ್ದದ ಸಹವಾಸವೇ ಬೇಡವೆಂದು, ಚೀಲ ಹೆಗಲಿಗೇರಿಸಿ "ಹೋತೆ" ಅಂದೆ. ಅವಳು ಒಳಗಿನಿಂದ ಓಡಿ ಬಂದಳು.

"ಹೊರಡು ಹೊತ್ತಿಗೆ ಹಾಂಗ್ ಹೇಳುಕಾಗ. ಬತ್ತೆ ಅನ್ನಿ."

ಬತ್ತೆ ಅಂದು ಹೊರಟೆ. ಅವತ್ತು ಮೊನೊಸ್ಟೇಬಲ್ ಪಾಠ. ಹುಡುಗಿಯೊಬ್ಬಳು ಎದ್ದು ದಿನಬಳಕೆಯ ಒಂದು ಉದಾಹರಣೆ ಕೊಡಿ ಎಂದಳು. ಬೋರ್ಡು ಬಿಟ್ಟು ಮಕ್ಕಳ ಕಡೆ ತಿರುಗಿದೆ. ಭಾನುವಾರ ಬರುವುದಿಲ್ಲವೆಂದು ಗಟ್ಟಿಯಾಗಿ ಹೇಳಿ, ಭಾನುವಾರವೇ ಬಂದು ನಿಂತ ಮೇಷ್ಟ್ರು ಎಂದೆ. ಒಬ್ಬರೂ ನಗಲಿಲ್ಲ. ಪರೀಕ್ಷೆಗೆ ಬೇಕಾಗುತ್ತದೆಂದು ಎಲ್ಲರೂ ಬರೆದುಕೊಂಡರು.